ಯುಪಿಎಸ್ ಬಿಟ್ಟೆ, ಆ ದುಡ್ಡನ್ನು ಎಸ್‌ಎಂಪಿಎಸ್‌ಗೆ ಹಾಕಿದೆ

ಮನೆ ಇನ್ವರ್ಟರ್ ಒಂದನ್ನೇ ನಂಬಿದರೆ ಕರೆಂಟ್ ಹೋದಾಗಲೆಲ್ಲ ಪಿಸಿ ರೀಸ್ಟಾರ್ಟ್ ಆಗುತ್ತೆ, 750 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಒಳಗಿನ ಡಬ್ಬ) ತಗೊಂಡು ಯುಪಿಎಸ್ ಹಾಕಿ ಅಂತ ಬೆಂಗಳೂರಿನ ಎಸ್‌ಪಿ ರೋಡ್ ಕಂಪ್ಯೂಟರ್ ಅಂಗಡಿಗಳಲ್ಲಿ ಕೇಳಿದಲ್ಲೆಲ್ಲ ಅದೇ ಮಾತು. ನಾನು ಹಾಕಿದ್ದು 550 ವ್ಯಾಟ್, ಯುಪಿಎಸ್ ಇಲ್ಲ. ಒಂದು ಮಳೆಗಾಲ ಪೂರ್ತಿ ದಾಟಿದೆ, ಗೇಮ್ ನಡುವೆಯೂ ಸ್ಕ್ರೀನ್ ಮಿಟುಕಿಲ್ಲ.

ಆರಿಸಿದ್ದು ಹೋಲ್ಡ್-ಅಪ್ ಟೈಮ್ ನೋಡಿ, ಅಂದರೆ ಕರೆಂಟ್ ಹೋದ ಮೇಲೂ ಎಸ್‌ಎಂಪಿಎಸ್ ಎಷ್ಟು ಹೊತ್ತು ಪಿಸಿಯನ್ನು ನಡೆಸುತ್ತೆ ಅನ್ನೋದು. ರೈಜನ್ 5600 ಪ್ರೊಸೆಸರ್‌ಗೆ 76 ವ್ಯಾಟ್, 3060 ಟಿಐ ಗ್ರಾಫಿಕ್ಸ್ ಕಾರ್ಡ್‌ಗೆ 200, ಉಳಿದದ್ದೆಲ್ಲ ಸೇರಿ ಅಂದಾಜು 300. ಒಳಗೆ ಚಾರ್ಜ್ ಕೂಡಿಡುವ ದೊಡ್ಡ 400 ವೋಲ್ಟ್ ಕೆಪಾಸಿಟರ್ 390 ಮೈಕ್ರೋಫ್ಯಾರಡ್ ಇದ್ದರೆ, ಅದರ ವೋಲ್ಟೇಜ್ 380ರಿಂದ 300 ವೋಲ್ಟ್‌ಗೆ ಇಳಿಯುವ ತನಕ ಸುಮಾರು 10 ಜೂಲ್ ಸಿಗುತ್ತೆ. 300 ವ್ಯಾಟ್ ಲೋಡ್‌ಗೆ ಅದು 30 ಮಿಲಿಸೆಕೆಂಡ್ ಚಿಲ್ಲರೆ. ಡಬ್ಬದ ಮೇಲೆ 750 ಅಂತ ಬರೆದು ಒಳಗೆ 220 ಮೈಕ್ರೋಫ್ಯಾರಡ್ ಹಾಕಿದ್ದರೆ 18 ಮಿಲಿಸೆಕೆಂಡ್ ಆಸುಪಾಸು, ಬೇಸಿಗೆಯಲ್ಲಿ ಕೆಪಾಸಿಟರ್ ಒಣಗಿದ ಮೇಲೆ ಅದೂ ಇಲ್ಲ. 105 ಡಿಗ್ರಿ ಬಿಸಿ ತಡೆಯುವ ಕೆಪಾಸಿಟರೇ ಬೇಕು. 80 ಪ್ಲಸ್ ಗೋಲ್ಡ್, ಬ್ರಾಂಜ್ ಎಲ್ಲ ದಕ್ಷತೆಯ ಮಾತು, ಇದರ ಬಗ್ಗೆ ಏನೂ ಹೇಳಲ್ಲ. ಡಬ್ಬ ಬಿಚ್ಚದೆ ಕೆಪಾಸಿಟರ್ ಅಂದಾಜು ಮಾಡೋಕೆ ನನ್ನದೊಂದು ದಾರಿ ಇದೆ, ಅದು ನನ್ನ ಹತ್ತಿರವೇ ಇರಲಿ. ತೂಕ ನೋಡೋದು ಅರ್ಧ ಉತ್ತರ ಅಷ್ಟೇ.

ಇನ್ವರ್ಟರ್ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಬೇಕು. ಆಗ ಕರೆಂಟ್‌ನಿಂದ ಬ್ಯಾಟರಿಗೆ ಬದಲಾಗೋಕೆ 10–15 ಮಿಲಿಸೆಕೆಂಡ್. ಇನ್ನೊಂದು ಮೋಡ್‌ನಲ್ಲಿ 40ರವರೆಗೂ ಹೋಗುತ್ತೆ, ಆಗ ಈ ಲೋಡ್‌ನಲ್ಲಿ ನನ್ನ ಎಸ್‌ಎಂಪಿಎಸ್ಸೂ ಉಳಿಯಲ್ಲ. ಪ್ಯೂರ್ ಸೈನ್ ವೇವ್ ಕಡ್ಡಾಯ. ಕುತೂಹಲಕ್ಕೆ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಹಾಕಿ ನೋಡಿದರೆ ಎಸ್‌ಎಂಪಿಎಸ್ ಒಳಗಿನ ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಗುಂಯ್‌ಗುಟ್ಟಿತು, ಲೋಡ್ ಏರಿದ ಕೂಡಲೇ ಪಿಸಿ ಆಫ್ ಆಯಿತು.

ಅರ್ಥಿಂಗ್ ಮೊದಲೇ ನೋಡಿ. ನ್ಯೂಟ್ರಲ್–ಅರ್ಥ್ ನಡುವೆ 2–3 ವೋಲ್ಟ್ ಮೀರಬಾರದು, ಫೇಸ್–ಅರ್ಥ್ 230ರ ಹತ್ತಿರ ಬರಬೇಕು. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಮೂರನೇ ತೂತು ಬರೀ ಶೋಗೆ ಇರೋದೂ ಉಂಟು. ಆಗ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ ಕ್ಯಾಬಿನೆಟ್ ಮೇಲೆ 110 ವೋಲ್ಟ್ ತೋರಿಸಿ ಕೈ ಜುಮ್ಮೆನ್ನುತ್ತೆ, ಎಸ್‌ಎಂಪಿಎಸ್ ಕೆಟ್ಟಿದೆ ಅಂತ ವಾಪಸ್ ಕೊಡೋರಿದ್ದಾರೆ.

ಕೊಂಡ ಮೇಲೆ ಪಿಸಿಗೆ ಪೂರ್ತಿ ಲೋಡ್ ಹಾಕುವ ಒಸಿಸಿಟಿ ಸಾಫ್ಟ್‌ವೇರ್‌ನ ಪವರ್ ಟೆಸ್ಟ್ ಅರ್ಧ ಗಂಟೆ ಓಡಿಸಿ, 12 ವೋಲ್ಟ್‌ನ ಹಳದಿ–ಕಪ್ಪು ವೈರ್‌ಗೆ ಮೀಟರ್ ಇಟ್ಟು ನೋಡಿ. ನಿಯಮದಂತೆ 11.4ರವರೆಗೂ ಸರಿ, ನಾನು 11.8ಕ್ಕಿಂತ ಇಳಿದರೆ ಒಪ್ಪಲ್ಲ. ಅದೇ ಲೋಡ್‌ನಲ್ಲಿ ಇನ್ವರ್ಟರ್‌ಗೆ ಹೋಗುವ ಎಂಸಿಬಿ ಇಳಿಸಿ, ಏರಿಸಿ, ಮತ್ತೆ ಇಳಿಸಿ; ಪಿಸಿ ಅಲುಗಬಾರದು.

ಎಸ್‌ಎಂಪಿಎಸ್ ಖರ್ಚು 6,000ದ ಸುಮಾರು. 600 ವಿಎ ಯುಪಿಎಸ್‌ಗೆ 3,500, ಎರಡು ವರ್ಷಕ್ಕೊಮ್ಮೆ ಬ್ಯಾಟರಿಗೆ ಸಾವಿರ. ಅಷ್ಟಾದರೂ ಅದು ಕೊಡೋದು 360 ವ್ಯಾಟ್. ಈಗ ಪಿಸಿ ಅಲುಗಲ್ಲ, ಪಾಪದ ರೌಟರ್ ಮಾತ್ರ ಪ್ರತಿ ಸಲ ರೀಸ್ಟಾರ್ಟ್ ಆಗ್ತಿತ್ತು. ಅದರ ಅಡಾಪ್ಟರ್‌ನಲ್ಲಿ ಕೆಪಾಸಿಟರೇ ಚಿಕ್ಕದು. ಅದಕ್ಕೆ 12 ವೋಲ್ಟ್ ಮಿನಿ ಯುಪಿಎಸ್ ಹಾಕಿದ ಮೇಲೆ ಆ ರೀಸ್ಟಾರ್ಟೂ ನಿಂತಿತು.