ಸ್ಪಿತಿಯಲ್ಲಿ ಟೆಂಟು ಹಾಕುವ ಜೋಡಿಗಳಿಗೆ

ಕೆಲಸ ಬಿಟ್ಟು ವರ್ಷವಿಡೀ ಸುತ್ತಲು ಹೊರಟಿದ್ದೀರಾ? ಹಿಮಾಚಲದ ಸ್ಪಿತಿ ಕಣಿವೆಯನ್ನು ಜುಲೈನಿಂದ ಸೆಪ್ಟೆಂಬರ್ ಒಳಗೆ ಇಟ್ಟುಕೊಳ್ಳಿ. ಮನಾಲಿ ಕಡೆಯಿಂದ ನೇರ ಹತ್ತಿದರೆ 4,500 ಮೀಟರ್ ಮೇಲಿನ ಕುಂಜುಮ್ ಪಾಸ್‌ನಲ್ಲಿ ತಲೆ ಸಿಡಿಯುತ್ತದೆ. ಶಿಮ್ಲಾ, ಕಿನ್ನೌರ್ ದಾರಿಯೇ ವಾಸಿ. ಕಲ್ಪಾ, ನಾಕೋಗಳಲ್ಲಿ ತಂಗುತ್ತಾ ನಿಧಾನವಾಗಿ ಏರಿ.

ನನಗೆ ಟೆಂಟಿಗಿಂತ ಅಡುಗೆಯದ್ದೇ ಜಾಸ್ತಿ ಯೋಚನೆ. ಸ್ಪಿತಿಯ ಮುಖ್ಯ ಊರು ಕಾಜಾದ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ತೊಗರಿಬೇಳೆ ಪಾತ್ರೆಯಲ್ಲಿ ಬೇಯುವುದೇ ಇಲ್ಲ. ಪುಟ್ಟ ಕುಕ್ಕರ್ ಒಯ್ಯಿರಿ. ಭಾರ ಅಂತ ನಮ್ಮವರು ಗೊಣಗುತ್ತಾರೆ, ಆದರೆ ಸಾರು ಬೇಕಲ್ವಾ!

ಗ್ಯಾಸ್ ಕ್ಯಾನನ್ನು ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಿ. ಚಳಿಗೆ ಬೆಳಿಗ್ಗೆ ಉರಿ ಸೊರಗುತ್ತದೆ. ಹಚ್ಚುವ ಮೊದಲು ಕ್ಯಾನನ್ನು ಜಾಕೆಟ್ ಒಳಗೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ಎಷ್ಟೇ ಚಳಿಯಿದ್ದರೂ ಟೆಂಟಿನೊಳಗೆ ಸ್ಟವ್ ಹಚ್ಚಬೇಡಿ. ಉರಿಯಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇರುವುದಿಲ್ಲ.