ಗಂಡಸರಿಗೆ ಹೀಲ್ಸ್: ನಂಬರ್ ಬಿಡಿ, ಸೆಂಟಿಮೀಟರ್ ಹಿಡೀರಿ
ನಾಟಕದ ಸ್ತ್ರೀಪಾತ್ರಕ್ಕಾಗಲಿ, ಸ್ವಂತಕ್ಕಾಗಲಿ, ಹೊರದೇಶದಿಂದ ಹೀಲ್ಸ್ ತರಿಸೋ ಗಂಡಸರು ಪಾದದ ಉದ್ದವನ್ನ ಸೆಂಟಿಮೀಟರಲ್ಲಿ ಅಳೆದು, 1.5 ಕೂಡಿಸಿ, 1.5ರಿಂದ ಗುಣಿಸಿ. ಬರೋದೇ ಯುರೋಪಿನ ಸೈಜು: 26 ಸೆಂ.ಮೀ. ಪಾದಕ್ಕೆ 41.25, ಅಂದ್ರೆ 41. ಅಲ್ಲಿ ಗಂಡಸರಿಗೂ ಹೆಂಗಸರಿಗೂ ಅಳತೆ ಒಂದೇ. ಅಮೆರಿಕದಲ್ಲಿ ಮಾತ್ರ ಹೆಂಗಸರ ನಂಬರು ಸುಮಾರು ಒಂದೂವರೆ ಜಾಸ್ತಿ. ಗಂಡಸರ 8 ಅಲ್ಲಿ ಹೆಂಗಸರ 9.5. ಪಾದ ಊದಿರೋ ಸಂಜೆ ಹೊತ್ತಲ್ಲೇ ಅಳೀರಿ: ಕಾಗದದ ಮೇಲೆ ನಿಂತು, ಹಿಮ್ಮಡಿ ಗೋಡೆಗೆ ಒತ್ತಿ, ಪೆನ್ಸಿಲ್ ನೆಟ್ಟಗೆ ಹಿಡಿದು, ಉದ್ದದ ಬೆರಳ ತುದಿಗೆ ಗುರುತು ಹಾಕಿ. ಎರಡು ಕಾಲಲ್ಲಿ ದೊಡ್ಡದೇ ಲೆಕ್ಕ. ಈ ಲೆಕ್ಕ ಕೈಕೊಡೋದು ಅಗಲದಲ್ಲಿ. ಅಮೆರಿಕದಲ್ಲಿ ಅಗಲಕ್ಕೆ ಅಕ್ಷರದ ಗುರುತು: ಹೆಂಗಸರ ಮಾಮೂಲಿ ಅಗಲ ಬಿ, ಗಂಡಸರದ್ದು ಅದಕ್ಕಿಂತ ಅಗಲದ ಡಿ. ಉದ್ದ ಸರಿಹೋದ್ರೂ ಕಿರುಬೆರಳು ಹಿಂಡುತ್ತೆ. ಅದಕ್ಕೆ ಅಂತ ಒಂದು ಸೈಜ್ ದೊಡ್ಡದು ತಗೊಂಡ್ರೆ ಪಾದ ಮುಂದಕ್ಕೆ ಜಾರಿ ಹಿಮ್ಮಡಿ ಕಳಚುತ್ತೆ. ವೈಡ್ ಅಂತ ಇರೋದನ್ನೇ ಆರಿಸಿ, ಚೂಪು ಮೂತಿಯದ್ದು ಬೇಡ. ಮೊದಲ ಜೋಡಿಗೆ ಕಣಕಾಲಿಗೆ ಪಟ್ಟಿ ಇರೋ ದಪ್ಪ ಹಿಮ್ಮಡಿಯದ್ದೇ ವಾಸಿ. ವಾಪಸ್ ಕಳಿಸೋ ಖರ್ಚು ದುಬಾರಿ, ಅದಕ್ಕೆ ಮೊದಲು ಮೈಸೂರಿನ ದೇವರಾಜ ಅರಸು ರಸ್ತೆ ಅಂಗಡೀಲಿ ಅದೇ ಆಕಾರದ್ದನ್ನ ಒಮ್ಮೆ ಹಾಕಿ ನಡೆದು ನೋಡಿ.