ಗಲಾಟೆ ಮಧ್ಯೆ ಬೇಕಾದ ದನಿ ಹಿಡಿಯೋದು ಹೇಗೆ? ಆಪ್ಟಿಮಮ್ ಬೀಮ್‌ಫಾರ್ಮಿಂಗ್ ಹಂತ ಹಂತವಾಗಿ

ಪಾಠ ರೆಕಾರ್ಡ್ ಮಾಡೋಕೆ ಕ್ಲಾಸ್‌ರೂಮಲ್ಲಿ ಮೈಕ್ ಇಟ್ಟಿದೀರ ಅಂದ್ಕೊಳ್ಳಿ. ಎದುರಿಗೆ ಮೇಷ್ಟ್ರು, ಪಕ್ಕದ ಕಿಟಕಿ ಆಚೆ ಗ್ರಿಲ್ ವರ್ಕ್‌ಶಾಪಿನ ಕಟಿಂಗ್ ಮೆಷಿನ್. ಒಂದೇ ಮೈಕ್ ಆದ್ರೆ ಎರಡೂ ಕಲಸಿಕೊಂಡು ಬರತ್ತೆ, ಎರಡರ ಫ್ರೀಕ್ವೆನ್ಸಿನೂ ಒಂದರ ಮೇಲೊಂದು ಬಿದ್ರೆ ಸಾಮಾನ್ಯ ಫಿಲ್ಟರ್ ಏನೂ ಮಾಡಲ್ಲ. ಆದ್ರೆ ಬರೋ ದಿಕ್ಕು ಬೇರೆ ಬೇರೆ, ಹತ್ತಾರು ಮೈಕ್ ಸಾಲಾಗಿ ಇಟ್ರೆ ಆ ದಿಕ್ಕಿನ ವ್ಯತ್ಯಾಸ ಕೈಗೆ ಸಿಗತ್ತೆ, ಈ ಮೈಕ್ ಸಾಲೇ ಸೆನ್ಸರ್ ಅರೇ, ಅದರ ಸಿಗ್ನಲ್‌ಗಳನ್ನ ತೂಗಿ ಕೂಡಿ ಬೇಕಾದ ದಿಕ್ಕಿನ ದನಿ ಹಿಡಿಯೋದೇ ಬೀಮ್‌ಫಾರ್ಮಿಂಗ್.

ಇದು ಬರೀ ಮೈಕಿನ ವಿಷಯ ಅಲ್ಲ. ನಮ್ಮ ಗೌರಿಬಿದನೂರಲ್ಲೇ 1960ರ ದಶಕದಿಂದ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪನ ಅರೇ ಇದೆ, ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಕಿಲೋಮೀಟರ್‌ಗಟ್ಟಲೆ ಸೀಸ್ಮೋಮೀಟರ್‌ಗಳು, ಎಲ್ಲೋ ದೂರದಲ್ಲಿ ಅಣು ಸ್ಫೋಟ ಆದ್ರೆ ಅದರ ಅಲೆ ಯಾವ ಕಡೆಯಿಂದ ಬಂತು ಅಂತ ಹಿಡಿಯೋಕೆ. ಇದೇ ಕೆಲಸಕ್ಕೆ ಅಮೆರಿಕದವರು 1965ರಲ್ಲಿ ಮೊಂಟಾನಾದಲ್ಲಿ 200 ಕಿಲೋಮೀಟರ್ ಅಗಲಕ್ಕೆ 525 ಸೀಸ್ಮೋಮೀಟರ್ ಹೂತಿಟ್ಟಿದ್ರು, ಆ ಅರೇ ಡೇಟಾ ಮೇಲೆ ಕೆಲಸ ಮಾಡ್ತಾ ಜ್ಯಾಕ್ ಕೇಪನ್ 1969ರಲ್ಲಿ ಪ್ರಕಟಿಸಿದ ವಿಧಾನವೇ ಇವತ್ತಿಗೂ ಇಂಜಿನಿಯರಿಂಗ್ ಮಕ್ಕಳು ಮೊದಲು ಕಲಿಯೋ ಆಪ್ಟಿಮಮ್ ಬೀಮ್‌ಫಾರ್ಮರ್. ಈಗ ಅದನ್ನೇ ಮಾಡೋಣ.

ಮೈಕ್ ಜೋಡಿಸೋದು

ಎರಡು ಮೈಕ್ ಮಧ್ಯದ ಅಂತರ ಅರ್ಧ ವೇವ್‌ಲೆಂಗ್ತ್‌ಗಿಂತ ಜಾಸ್ತಿ ಆಗ್ಬಾರ್ದು. ಮಾತಿಗೆ 4000 ಹರ್ಟ್ಜ್ ತನಕ ಸಾಕು ಅಂದ್ರೆ, ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ವೇವ್‌ಲೆಂಗ್ತ್ ಸುಮಾರು 8.6 ಸೆಂಟಿಮೀಟರ್, ಅರ್ಧ ಅಂದ್ರೆ 4.3. ಇದಕ್ಕಿಂತ ದೂರ ಇಟ್ರೆ ಎರಡು ಬೇರೆ ದಿಕ್ಕುಗಳು ಅರೇಗೆ ಒಂದೇ ಥರ ಕಾಣೋಕೆ ಶುರುವಾಗತ್ತೆ, ಆಮೇಲೆ ಯಾವ ಲೆಕ್ಕ ಹಾಕಿದ್ರೂ ಸರಿ ಹೋಗಲ್ಲ. 4 ಸೆಂಟಿಮೀಟರ್‌ಗೆ ಒಂದರಂತೆ 8 ಮೈಕ್ ಇಡಿ. ಎಲ್ಲಾ ಮೈಕೂ ಒಂದೇ ಸೌಂಡ್ ಕಾರ್ಡಿಗೆ, ಒಂದೇ ಕ್ಲಾಕಿಗೆ ಹೋಗ್ಬೇಕು, ಎರಡು ಫೋನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಸೇರಿಸ್ತೀನಿ ಅನ್ನೋದು ಬೇಡ.

ಸುಮ್ನೆ ಕೂಡಿದ್ರೆ ಏನಾಗತ್ತೆ

ಮೇಷ್ಟ್ರು ನೇರ ಎದುರಿಗಿದ್ರೆ ಅವರ ದನಿ ಎಲ್ಲಾ ಮೈಕಿಗೂ ಒಟ್ಟಿಗೆ ತಲುಪತ್ತೆ, ಕೂಡಿ ಸರಾಸರಿ ತಗೊಂಡ್ರೆ ದನಿ ಹಾಗೇ ಉಳಿದು ಮೈಕುಗಳ ಸ್ವಂತ ನಾಯ್ಸ್‌ನ ಪವರ್ ಎಂಟನೇ ಒಂದು ಪಾಲಿಗೆ ಇಳಿಯತ್ತೆ. ದನಿ ಓರೆಯಾಗಿ ಬಂದ್ರೆ ಮೊದಲು ಮೈಕುಗಳ ಮಧ್ಯದ ತಡ ಸರಿಮಾಡಿ ಆಮೇಲೆ ಕೂಡೋದು, ಅದಕ್ಕೇ ಇದರ ಹೆಸರು ಡಿಲೇ ಅಂಡ್ ಸಮ್. ಒಳ್ಳೇದೇ, ಆದ್ರೆ ಮೆಷಿನ್ ಎಲ್ಲಿದೆ ಅಂತ ಇದಕ್ಕೆ ಗೊತ್ತೂ ಇಲ್ಲ, ಬೇಕಾಗೂ ಇಲ್ಲ.

ಎರಡೇ ಮೈಕ್ ಇಟ್ಕೊಂಡು ಪೇಪರ್ ಮೇಲೆ ನೋಡಿ, ಪೂರ್ತಿ ವಿಷಯ ಇಲ್ಲೇ ಅರ್ಥ ಆಗತ್ತೆ. ಅಂತರ ಅರ್ಧ ವೇವ್‌ಲೆಂಗ್ತ್, ಮೆಷಿನ್ ಇರೋದು ಮೇಷ್ಟ್ರ ದಿಕ್ಕಿಂದ ಪಕ್ಕಕ್ಕೆ 30 ಡಿಗ್ರೀಲಿ. ಮೆಷಿನ್ ಸದ್ದು ಅದಕ್ಕೆ ಹತ್ತಿರದ ಮೈಕಿಗೆ ಕಾಲು ಸೈಕಲ್, ಅಂದ್ರೆ 90 ಡಿಗ್ರಿ ಫೇಸ್ ಮುಂಚೆ ಬರತ್ತೆ. ಸುಮ್ನೆ ಸರಾಸರಿ ತಗೊಂಡ್ರೆ ಅದರ ಪವರ್ ಅರ್ಧ ಆಗತ್ತೆ, ಅಷ್ಟೇ, ಬರೀ 3 ಡೆಸಿಬಲ್ (ಡಿಬಿ). ಈಗ ಕೂಡೋ ಮುಂಚೆ ಹತ್ತಿರದ ಮೈಕಿನ ಸಿಗ್ನಲ್ಲನ್ನ ಇನ್ನೂ 45 ಡಿಗ್ರಿ ಮುಂಚೆ, ದೂರದ್ದನ್ನ 45 ಡಿಗ್ರಿ ತಡವಾಗಿ ಬರೋ ಹಾಗೆ ಸರಿಸಿ, ಎರಡನ್ನೂ 0.707ರಿಂದ ಗುಣಿಸಿ. ಮೆಷಿನ್ ಸದ್ದಿನ ಎರಡು ಪಾಲೂ ಸರಿಯಾಗಿ 180 ಡಿಗ್ರಿ ಎದುರುಬದುರಾಗಿ ಸೊನ್ನೆ ಆಗತ್ತೆ, ಮೇಷ್ಟ್ರ ದನಿ ಮಾತ್ರ ಹೆಚ್ಚೂ ಇಲ್ಲ ಕಮ್ಮಿನೂ ಇಲ್ಲ, ಪೂರ್ತಿ ಒಂದಾಗೇ ಬರತ್ತೆ!

ಇದು ಪುಕ್ಕಟೆ ಅಲ್ಲ. ಮೈಕಿನ ಸ್ವಂತ ನಾಯ್ಸ್ ಸರಾಸರಿ ತಗೊಂಡಾಗ ಇದ್ದದ್ದಕ್ಕಿಂತ ಎರಡು ಪಟ್ಟಾಯ್ತು. 30 ಡಿಗ್ರೀಲಿ ಎರಡು ಪಟ್ಟಾದ್ರೆ ಪರವಾಗಿಲ್ಲ, ಅದೇ ಮೆಷಿನ್ 5 ಡಿಗ್ರೀಲಿ ಮೇಷ್ಟ್ರ ಮಗ್ಗುಲಲ್ಲೇ ಇದ್ರೆ ಇದೇ ಲೆಕ್ಕದಲ್ಲಿ ನಾಯ್ಸ್ ಸುಮಾರು 54 ಪಟ್ಟು ಏರತ್ತೆ, ಗಲಾಟೆ ಹೋಗಿ ಬುಸ್ ಅನ್ನೋ ಸದ್ದು ಉಳಿಯತ್ತೆ. ಹಾಗಾಗಿ ಇಂಟರ್‌ಫಿಯರೆನ್ಸನ್ನ, ಅಂದ್ರೆ ಅಡ್ಡ ಬರೋ ಸದ್ದನ್ನ, ಸೊನ್ನೆ ಮಾಡೋದು ಗುರಿ ಅಲ್ಲ, ಮೇಷ್ಟ್ರ ದಿಕ್ಕಿನ ಗೇನ್, ಅಂದ್ರೆ ಆ ದನಿ ಎಷ್ಟು ಪಟ್ಟಾಗಿ ಹೊರಬರತ್ತೆ ಅನ್ನೋದು, ಒಂದಾಗೇ ಇಟ್ಕೊಂಡು, ಉಳಿದಿದ್ದೆಲ್ಲಾ ಸೇರಿ ಒಟ್ಟು ಪವರ್ ಎಷ್ಟು ಕಮ್ಮಿ ಆಗತ್ತೋ ಅಷ್ಟು ಕಮ್ಮಿ ಮಾಡೋದು. ಆಪ್ಟಿಮಮ್ ಅನ್ನೋದು ಇದನ್ನೇ. ಮೆಷಿನ್ ಜೋರಾಗಿದ್ರೆ ಆ ಕಡೆ ಆಳವಾದ ನಲ್, ಅಂದ್ರೆ ಆ ದಿಕ್ಕಿನ ಸದ್ದು ಹೆಚ್ಚುಕಮ್ಮಿ ಅಳಿಸಿಹೋಗತ್ತೆ, ಮೆಲ್ಲಗಿದ್ರೆ ಸುಮ್ನೆ ಸರಾಸರಿ ಹತ್ತಿರವೇ ಇರತ್ತೆ, ತಾನಾಗೇ ತೂಗಿಸಿಕೊಳ್ಳತ್ತೆ.

ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಕಟ್ಟೋದು

ರೆಕಾರ್ಡಿಂಗನ್ನ 16000 ಹರ್ಟ್ಜ್ ಸ್ಯಾಂಪ್ಲಿಂಗಲ್ಲಿ 512 ಸ್ಯಾಂಪಲ್‌ಗಳ ಫ್ರೇಮ್ ಮಾಡಿ, ಅರ್ಧರ್ಧ ಓವರ್‌ಲ್ಯಾಪ್ ಇಟ್ಟು ಎಫ್‌ಎಫ್‌ಟಿ, ಅಂದ್ರೆ ಸದ್ದನ್ನ ಫ್ರೀಕ್ವೆನ್ಸಿಗಳಾಗಿ ಬಿಡಿಸೋ ಲೆಕ್ಕ, ತಗೊಳ್ಳಿ. ಒಂದೊಂದು ಫ್ರೀಕ್ವೆನ್ಸಿ ಬಿನ್‌ಗೂ, ಅಂದ್ರೆ ಫ್ರೀಕ್ವೆನ್ಸಿಯ ಒಂದೊಂದು ಸಣ್ಣ ತುಂಡಿಗೂ, ಬೇರೆ ಬೇರೆ ಲೆಕ್ಕ. 8 ಮೈಕಿನ 8 ಸಂಖ್ಯೆ ಒಂದು ವೆಕ್ಟರ್, ಅದನ್ನ ಅದರದ್ದೇ ಕಾಂಜುಗೇಟ್ ಟ್ರಾನ್ಸ್‌ಪೋಸಿಂದ ಗುಣಿಸಿದ್ರೆ 8ಕ್ಕೆ 8ರ ಮ್ಯಾಟ್ರಿಕ್ಸ್, ಎಲ್ಲಾ ಫ್ರೇಮಿಗೂ ಸರಾಸರಿ ತಗೊಳ್ಳಿ. ಇದೇ ಕೋವೇರಿಯನ್ಸ್ ಮ್ಯಾಟ್ರಿಕ್ಸ್, ಗದ್ದಲ ಯಾವ ಕಡೆಯಿಂದ ಎಷ್ಟು ಬರ್ತಿದೆ ಅಂತ ಬೀಮ್‌ಫಾರ್ಮರ್‌ಗೆ ತಿಳಿಸೋದು ಇದೇ. ಎಷ್ಟು ಫ್ರೇಮ್ ಬೇಕು? ರೀಡ್, ಮ್ಯಾಲೆಟ್, ಬ್ರೆನನ್ 1974ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಸೆನ್ಸರ್ ಸಂಖ್ಯೆಯ ಎರಡು ಪಟ್ಟು ಸ್ವತಂತ್ರ ಸ್ಯಾಂಪಲ್ ಇದ್ರೆ ಆಪ್ಟಿಮಮ್‌ಗಿಂತ ಸರಾಸರಿ 3 ಡಿಬಿ ಅಷ್ಟೇ ಹಿಂದೆ ಇರ್ತೀರ, ಅಂದ್ರೆ ನಮಗೆ 16. ಓವರ್‌ಲ್ಯಾಪ್ ಇರೋದ್ರಿಂದ ಪಕ್ಕಪಕ್ಕದ ಫ್ರೇಮು ಪೂರ್ತಿ ಸ್ವತಂತ್ರ ಅಲ್ಲ, ಒಂದೆರಡು ಸೆಕೆಂಡ್ ರೆಕಾರ್ಡಿಂಗ್ ತಗೊಂಡ್ರೆ ನೂರರ ಹತ್ತಿರ ಫ್ರೇಮ್ ಸಿಗತ್ತೆ, ಧಾರಾಳ ಆಯ್ತು.

ಆ ಲೆಕ್ಕದಲ್ಲಿ ಒಂದು ಷರತ್ತಿದೆ, ತುಂಬಾ ಜನ ಅದನ್ನ ಓದೋದೇ ಇಲ್ಲ. ಆ ಡೇಟಾದಲ್ಲಿ ನಿಮಗೆ ಬೇಕಾದ ಸಿಗ್ನಲ್ ಇರಬಾರದು. ಮೇಷ್ಟ್ರು ಸುಮ್ನಿದ್ದು ಮೆಷಿನ್ ಮಾತ್ರ ಓಡ್ತಿರೋ ಭಾಗ ಹುಡುಕಿ ಅದರಿಂದಲೇ ಮ್ಯಾಟ್ರಿಕ್ಸ್ ಕಟ್ಟಿ.

ವೇಟ್ ಲೆಕ್ಕ

ಕೂಡೋ ಮುಂಚೆ ಒಂದೊಂದು ಮೈಕಿನ ಸಿಗ್ನಲ್ಲನ್ನ ಎಷ್ಟು ಫೇಸ್ ಸರಿಸಿ ಎಷ್ಟರಿಂದ ಗುಣಿಸ್ಬೇಕು ಅನ್ನೋದೇ ವೇಟ್. ಮೇಷ್ಟ್ರ ದಿಕ್ಕಿಂದ ಬರೋ ಅಲೆ ಒಂದೊಂದು ಮೈಕಿಗೆ ಎಷ್ಟು ಫೇಸ್ ವ್ಯತ್ಯಾಸದಲ್ಲಿ ತಲುಪತ್ತೆ ಅನ್ನೋ ಪಟ್ಟಿಯೇ ಸ್ಟೀರಿಂಗ್ ವೆಕ್ಟರ್. ಮ್ಯಾಟ್ರಿಕ್ಸಿನ ಇನ್ವರ್ಸನ್ನ ಇದರಿಂದ ಗುಣಿಸಿ, ಬಂದ ವೆಕ್ಟರನ್ನ ಮೇಷ್ಟ್ರ ದಿಕ್ಕಿನ ಗೇನ್ ಒಂದಾಗೋ ಹಾಗೆ ಭಾಗಿಸಿ, ಮುಗೀತು. ಪೈಥಾನಲ್ಲಿ ನಂಪೈ ಅನ್ನೋ ಗಣಿತದ ಲೈಬ್ರರಿ ಗೊತ್ತಿದ್ರೆ ಎರಡೇ ಸಾಲು, ಇನ್ವರ್ಸ್ ನೇರವಾಗಿ ತೆಗೀಬೇಡಿ, ಸಾಲ್ವ್ ಫಂಕ್ಷನ್ ಬಳಸಿ. ಆಮೇಲೆ ವೇಟ್‌ನ ಕಾಂಜುಗೇಟನ್ನ ಒಂದೊಂದು ಫ್ರೇಮಿಗೂ ಗುಣಿಸಿ ಕೂಡಿ, ಇನ್ವರ್ಸ್ ಎಫ್‌ಎಫ್‌ಟಿ ಮಾಡಿ ಫ್ರೇಮುಗಳನ್ನ ಜೋಡಿಸಿ.

ಮೇಷ್ಟ್ರ ದನಿನೇ ಮಾಯ ಆದ್ರೆ

ಇದು ನಿಜವಾಗ್ಲೂ ಆಗತ್ತೆ. ಮೇಷ್ಟ್ರು ಎದುರಿಗೇ ಇದಾರೆ ಅಂತ ನೀವು ಹೇಳಿದೀರ, ಅವರು ನಿಂತಿರೋದು 3 ಡಿಗ್ರಿ ಆಚೆ, ಮ್ಯಾಟ್ರಿಕ್ಸ್ ಒಳಗೆ ಅವರ ದನಿನೂ ಸೇರಿದೆ. ಬೀಮ್‌ಫಾರ್ಮರ್ ಕಣ್ಣಿಗೆ ಅವರೂ ಇನ್ನೊಂದು ಇಂಟರ್‌ಫಿಯರೆನ್ಸ್, ಅವರು ಜೋರಾಗಿ ಮಾತಾಡಿದಷ್ಟೂ ಅವರ ಮೇಲೇ ನಲ್ ಹಾಕತ್ತೆ. ಮೈಕ್‌ಗಳ ಗೇನ್ ಒಂದೇ ಸಮ ಇಲ್ಲದಿದ್ರೂ ಇದೇ ಗತಿ. ಗೋಡೆಗೆ ಬಡಿದು ಬರೋ ಅವರದೇ ಪ್ರತಿಧ್ವನಿ ಇನ್ನೂ ಕಷ್ಟ, ಅದು ಅದೇ ಸಿಗ್ನಲ್ ಆಗಿರೋದ್ರಿಂದ ನೇರ ದನಿಯನ್ನ ಹೊಡೆದು ಹಾಕೋಕೆ ಬಳಸಿಬಿಡತ್ತೆ.

ಇದಕ್ಕೆ ಮದ್ದು ಡಯಾಗನಲ್ ಲೋಡಿಂಗ್, ಇನ್ವರ್ಸ್‌ಗೆ ಮುಂಚೆ ಮ್ಯಾಟ್ರಿಕ್ಸಿನ ಕರ್ಣದ ಮೇಲಿರೋ ಎಂಟೂ ಸಂಖ್ಯೆಗೆ ಒಂದು ಸಣ್ಣ ಮೌಲ್ಯ ಕೂಡೋದು. ಮೈಕಿನ ನಾಯ್ಸ್ ಪವರ್‌ನಷ್ಟರಿಂದ ಶುರು ಮಾಡಿ ಹತ್ತು ಪಟ್ಟಿನ ತನಕ ಹಾಕಿ ನೋಡಿ. ಜಾಸ್ತಿ ಹಾಕ್ತಾ ಹೋದ್ರೆ ಅದು ಮತ್ತೆ ಡಿಲೇ ಅಂಡ್ ಸಮ್ ಕಡೆಗೇ ವಾಲತ್ತೆ, ನಲ್ ಆಳ ಕಮ್ಮಿ ಆಗತ್ತೆ, ಆದ್ರೆ ಬೇಕಾದ ದನಿ ಸಾಯಲ್ಲ. ನಾನಂತೂ ಲೋಡಿಂಗ್ ಇಲ್ಲದ ಬೀಮ್‌ಫಾರ್ಮರನ್ನ ಕ್ಲಾಸಲ್ಲಿ ಬೋರ್ಡಿನ ಮೇಲೆ ಮಾತ್ರ ಒಪ್ತೀನಿ.

ಟೆಸ್ಟ್ ಮಾಡೋವಾಗ, ಯಾವ ದಿಕ್ಕಿಗೆ ಎಷ್ಟು ಗೇನ್ ಅಂತ ತೋರಿಸೋ ಬೀಮ್ ಪ್ಯಾಟರ್ನ್ ಚಿತ್ರ ಚೆನ್ನಾಗಿ ಬಂತು ಅಂತ ನಿಲ್ಲಿಸಬೇಡಿ. ಮೇಷ್ಟ್ರ ದನಿ ಮಾತ್ರ ಇರೋದೊಂದು, ಮೆಷಿನ್ ಸದ್ದು ಮಾತ್ರ ಇರೋದೊಂದು ರೆಕಾರ್ಡಿಂಗ್ ಇಟ್ಕೊಂಡು ಎರಡನ್ನೂ ಅದೇ ವೇಟ್‌ಗಳಲ್ಲಿ ಹಾಯಿಸಿ, ಯಾವುದು ಎಷ್ಟು ಡಿಬಿ ಇಳೀತು ನೋಡಿ. ಮೇಷ್ಟ್ರ ದನಿಯೂ ಇಳಿದಿದ್ರೆ ಲೋಡಿಂಗ್ ಹೆಚ್ಚಿಸಿ. ಇನ್ನು ಗದ್ದಲ ಜಾಗ ಬದಲಾಯಿಸ್ತಾ ಇದ್ರೆ ಮ್ಯಾಟ್ರಿಕ್ಸಿನ ಹಳೇ ಸರಾಸರಿಗೆ 0.99, ಹೊಸ ಫ್ರೇಮಿಗೆ 0.01 ತೂಕ ಕೊಟ್ಟು ಮೇಷ್ಟ್ರು ಸುಮ್ನಿರೋ ಫ್ರೇಮುಗಳಲ್ಲಿ ಅಪ್‌ಡೇಟ್ ಮಾಡ್ತಾ ಹೋಗಿ, ಮೇಲಿನ ಫ್ರೇಮ್ ಅಳತೆಗೆ ಅದು ಹೆಚ್ಚುಕಮ್ಮಿ 1.6 ಸೆಕೆಂಡಿನ ನೆನಪು.